ಐದು ಮನೆಯ ತುತ್ತು

ಮೊಲದ ಚಿತ್ರವಿರುವ ತಟ್ಟೆಗೆ ನೂರಾ ಎಂಬತ್ತು ರೂಪಾಯಿ. ಹಸಿವು ಹುಟ್ಟಿಸುವ ಔಷಧದ ಬಾಟಲಿಗೆ ಇನ್ನೂರಾ ಹತ್ತು. ಹಾಲಿಗೆ ಬೆರೆಸುವ ಕಂದು ಪುಡಿಯ ಡಬ್ಬಿಗೆ ನಾಲ್ಕು ನೂರರ ಮೇಲೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಓಡಿಹೋಗಿ ತಂದ ಕರದಂಟಿಗೆ ಮುನ್ನೂರು, ಅಷ್ಟರಲ್ಲಿ ಬಸ್ಸು ಬಿಟ್ಟು ಹೋಗಿದ್ದರಿಂದ ಮತ್ತೊಂದು ಟಿಕೆಟ್ಟಿನ ದುಡ್ಡು. ಇಷ್ಟೆಲ್ಲ ಖರ್ಚಿಗೆ ಪ್ರತಿಯಾಗಿ ಬಂಡೆಪ್ಪನ ಐದು ವರ್ಷದ ಮಗಳು ಭಾಗ್ಯಾ ಆ ತಿಂಗಳು ಮನಸ್ಸಿಟ್ಟು ತಿಂದದ್ದೆಂದರೆ ಕರದಂಟಿನೊಳಗಿನ ಗೋಡಂಬಿ, ಅದೂ ಅಂಟೆಲ್ಲ ಬಿಡಿಸಿ. ಔಷಧವನ್ನು ಮಾತ್ರ "ನೋಡವ್ವ, ಎಷ್ಟು ಸಿಹಿ ಐತಿ" ಎಂದು ತೋರಿಸುತ್ತ ತೋರಿಸುತ್ತ ಬಂಡೆಪ್ಪನೇ ಖಾಲಿ ಮಾಡಿದ್ದ. ಅದು ಒಳ್ಳೆಯ ಔಷಧವೇ. ಅವನ ಹಸಿವು ಎಷ್ಟು ಹೆಚ್ಚಿತೆಂದರೆ ತಿಂಗಳು ತುಂಬುವ ಮೊದಲೇ ಮನೆಯಲ್ಲಿ ಜೋಳದ ಹಿಟ್ಟು ಮುಗಿಯಿತು.

ಭಾಗ್ಯಾಳ ಊಟಕ್ಕೆ ಅವಳದೇ ಕಾಯಿದೆಗಳಿದ್ದವು. ರೊಟ್ಟಿಯ ಮೇಲೆ ಕಪ್ಪು ಚುಕ್ಕೆ ಇರಕೂಡದು. ಅನ್ನಕ್ಕೆ ಸಾರು ತಾಕಕೂಡದು. ತಾಕಿದರೆ ಆ ತಟ್ಟೆಯ ಕತೆ ಅಲ್ಲಿಗೆ ಮುಗಿಯಿತು. ಸಾಸಿವೆ ಕಾಳು ಕಂಡರೆ "ಹುಳಾ!" ಎಂದು ಚೀರಿ, ಓಣಿಯವರು ಬಂದು ತಟ್ಟೆಯಲ್ಲಿ ಇಣುಕುವ ಹಾಗೆ ಮಾಡುತ್ತಿದ್ದಳು. ಬದನೆಕಾಯಿಯನ್ನು ಕಂಡರಂತೂ ಸಾಲ ಕೊಟ್ಟವನನ್ನು ಕಂಡವರ ಹಾಗೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಒಂದು ತುತ್ತು ಬಾಯಿಗೆ ಹೋದರೂ ಅದು ಹೊಟ್ಟೆಗೆ ಹೋಯಿತೆಂದು ನಂಬುವ ಹಾಗಿರಲಿಲ್ಲ. ಕೆನ್ನೆಯೊಳಗೆ ಇಟ್ಟುಕೊಂಡು, ಅಳಿಲಿನ ಹಾಗೆ ಮನೆಯೆಲ್ಲ ಸುತ್ತಿ, ಕೊನೆಗೆ ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಉಗುಳುತ್ತಿದ್ದಳು. ಅಲ್ಲಿಯ ಇರುವೆಗಳು ಮಾತ್ರ ಪೈಲವಾನರ ಹಾಗೆ ಬೆಳೆದಿದ್ದವು.

ಬಂಡೆಪ್ಪ ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಮಷೀನು ನಡೆಸುವವನು. ಎಂಥ ಒರಟು ಕಲ್ಲನ್ನೂ ಮುಖ ಕಾಣುವ ಹಾಗೆ ನುಣುಪು ಮಾಡುವ ಕೈಗೆ ಮಗಳ ಬಾಯೊಳಗೆ ಒಂದು ತುತ್ತು ಇಳಿಸಲು ಬರುತ್ತಿರಲಿಲ್ಲ. ಆದರೂ ಮಗಳೆಂದರೆ ಅವನಿಗೆ ಜೀವ. ಸಂಜೆ ಬಂದು ಹೊಸ್ತಿಲಲ್ಲಿ ಕೂತನೆಂದರೆ, ಕಲ್ಲಿನ ಹುಡಿ ಮೆತ್ತಿದ ಅವನ ತೋಳಿನ ಮೇಲೆ ಭಾಗ್ಯಾ ಬೆರಳಿನಿಂದ ಅ, ಆ, ಇ ಬರೆಯುತ್ತಿದ್ದಳು. ಅಂಗನವಾಡಿಯಲ್ಲಿ ಕಲಿತದ್ದೆಲ್ಲ ಅಪ್ಪನ ತೋಳಿನ ಮೇಲೆ ಇಳಿಯಬೇಕು. ಅದು ಮುಗಿಯುವ ತನಕ ಅವನು ಕೈಕಾಲು ತೊಳೆಯುತ್ತಿರಲಿಲ್ಲ. ಎಷ್ಟೋ ದಿನ ಊಟಕ್ಕೂ ಹಾಗೇ ಕೂತು ಹೆಂಡತಿಯಿಂದ ಬೈಸಿಕೊಂಡಿದ್ದ.

ಅಂಥ ಬಂಡೆಪ್ಪನಿಗೆ ಹುಟ್ಟೂರು ಮರೋಳದಿಂದ ತಾಯಿ ಹುಚ್ಚವ್ವ ಫೋನು ಮಾಡಿದಳು.

"ಕೂಸು ಒಣಗಿದ ಸಜ್ಜಿ ದಂಟ ಆಗೇತಂತ, ಮಂದಿ ಬಂದು ಹೇಳಿದ್ರು. ನಾಳಿ ಬರ್ತೇನಿ. ನನ್ನ ಕಣ್ಣ ಮುಂದ ಹೊಟ್ಟಿ ತುಂಬ ಉಂಡ್ಲಂದ್ರ ಸೈ. ಇಲ್ಲಾಂದ್ರ ಸಂಜಿ ಬಸ್ಸಿಗೆ ನನ್ನ ಕೂಡ ಮರೋಳಕ್ಕ. ಸಾಲಿ ಚಾಲು ಆಗೂತನಕ ಅಲ್ಲೇ ಇರಲಿ."

"ಯವ್ವಾ, ಹಂಗಂದ್ರ ಹೆಂಗ…"

"ಹೆಂಗೂ ಇಲ್ಲ, ಹಿಂಗೂ ಇಲ್ಲ. ಕುರಿಮರಿ ಮೇಯವಲ್ಲದು ಅಂದ್ರ ನಾವು ಹೊಲ ಬದಲಿ ಮಾಡ್ತೇವಿ. ಕೂಸೂ ಅಷ್ಟ."

ಹುಚ್ಚವ್ವ ಜೀವಮಾನವೆಲ್ಲ ಕುರಿ ಸಾಕಿದವಳು. ಅವಳು ಒಮ್ಮೆ ತೀರ್ಮಾನ ಮಾಡಿದರೆ ಟಗರೂ ಎದುರು ನಿಲ್ಲುತ್ತಿರಲಿಲ್ಲ. ಶಾಲೆ ಶುರುವಾಗಲು ಇನ್ನೂ ಎರಡೂವರೆ ತಿಂಗಳಿತ್ತು. ಬಂಡೆಪ್ಪ ತನ್ನ ತೋಳು ನೋಡಿಕೊಂಡ. ಎರಡೂವರೆ ತಿಂಗಳು ಅದನ್ನು ಸುಮ್ಮನೆ ತೊಳೆದುಕೊಳ್ಳಬೇಕು.

ಮರುದಿನ ಹೆಂಡತಿ ಸುಧಾರಾಣಿಗೆ ಬಾಗಲಕೋಟೆಯಲ್ಲಿ ಬಸುರಿ ತಂಗಿಯ ಕುಬಸ. ಹೋಗದಿದ್ದರೆ ಜನ್ಮವಿಡೀ ಮಾತು. ನಸುಕಿನಲ್ಲೇ ಎದ್ದು, ಮಸಾಲೆ ತುಂಬಿದರಾದರೂ ತಿಂದಾಳೆಂದು ಭಾಗ್ಯಾಳಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಭಾಗ್ಯಾ ಬಾಗಿಲ ಹಿಂದೆ ಹೋಗಿ ನಿಂತಳು. ಬಸ್ಸಿಗೆ ಹೊತ್ತಾಗಿತ್ತು. ಸುಧಾರಾಣಿ ಆ ಬದನೆಕಾಯಿ ಬೋಗುಣಿಯನ್ನು ಹಾಗೇ ಎದುರು ಮನೆಯ ಕಸ್ತೂರಿಗೆ ಕೊಟ್ಟು ಬಂದು ಗಂಡನ ಮುಂದೆ ನಿಂತಳು.

"ನಿಮ್ಮವ್ವ ಬರೂದು ನಾಲ್ಕಕ್ಕ. ಅಷ್ಟರೊಳಗ ಏನರ ಮಾಡ್ರಿ. ಹೊಡೀಬ್ಯಾಡ್ರಿ, ಬೈಬ್ಯಾಡ್ರಿ, ಮೊಬೈಲ್ ತೋರಸಬ್ಯಾಡ್ರಿ."

"ಮತ್ತೇನು ಉಳೀತು?"

"ಅದನ್ನ ಕಂಡು ಹಿಡೀರಿ ಅಂತನ ನಿಮಗ ರಜಾ ಹಾಕಸೇನಿ."

ಬಂಡೆಪ್ಪ ಕಂಡು ಹಿಡಿಯಲು ಓಣಿಗೆ ಇಳಿದ. ಅದೇ ಅವನು ಮಾಡಿದ ಮೊದಲ ತಪ್ಪು. ಓಣಿಯಲ್ಲಿ ಮಕ್ಕಳನ್ನು ಸಾಕಿದವರು ಒಂದು ಕಡೆ, ಸಾಕದೆಯೇ ಗೊತ್ತಿದ್ದವರು ಇನ್ನೊಂದು ಕಡೆ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದ ಪಾಂಡಪ್ಪ, "ಉಪಾಸ ಕೆಡವು. ತಾನ ಬರ್ತಾಳ," ಎಂದ. ಕಸ್ತೂರಿ, "ಉಪಾಸ ಗಿಪಾಸ ಕೆಡವಬ್ಯಾಡಣ್ಣ, ಪಾಪ ಹತ್ತತೈತಿ. ರೊಟ್ಟಿ ಚಂದ ಚಂದ ಆಕಾರದಾಗ ಕತ್ತರಿಸಿ ಕೊಡು," ಎಂದಳು. ಕಿರಾಣಿ ಅಂಗಡಿಯ ಚಾಂದಸಾಬ, "ಅದೇನೂ ಬ್ಯಾಡ. ನೀ ಮುಂದ ಕುಂತು ಉಣ್ಣು, ನೋಡಿ ಉಣ್ತಾಳ," ಎಂದ.

ಬಂಡೆಪ್ಪ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಪಾಂಡಪ್ಪನ ಮಾತಿಗೆ ಬೆಲೆ ಕೊಟ್ಟು ಒಂದು ತಾಸು ಉಪವಾಸ ಕೆಡವಿದ. ಭಾಗ್ಯಾ ಗೊಂಬೆಗೆ ಸ್ನಾನ ಮಾಡಿಸುತ್ತ ಅದನ್ನು ಗಮನಿಸಲೇ ಇಲ್ಲ. ಆಮೇಲೆ ಕತ್ತರಿಯಿಂದ ರೊಟ್ಟಿಯನ್ನು ಚಂದ್ರನ ಹಾಗೆ ಕತ್ತರಿಸಿ ಕೊಟ್ಟ.

"ಚಂದಪ್ಪನ್ನ ತಿಂತಾರೇನು?" ಎಂದಳು ಭಾಗ್ಯಾ.

ಬಸ್ಸಿನ ಹಾಗೆ ಕತ್ತರಿಸಿದ.

"ಒಳಗ ಮಂದಿ ಅದಾರ. ಒಲ್ಲೆ."

ಕೊನೆಗೆ ಚಾಂದಸಾಬ ಹೇಳಿದ ಹಾಗೆ ಮುಂದೆ ಕೂತು ಚಂದ್ರನನ್ನೂ ಬಸ್ಸನ್ನೂ ತಾನೇ ತಿಂದ. ಭಾಗ್ಯಾ ಗಲ್ಲಕ್ಕೆ ಕೈಕೊಟ್ಟು ಅವನು ಉಣ್ಣುವುದನ್ನು ಕೊನೆಯವರೆಗೂ ನೋಡಿ, "ಅಪ್ಪ ಶಾಣ್ಯಾ," ಎಂದು ಬೆನ್ನು ತಟ್ಟಿ ಹೋದಳು.

ಇಷ್ಟನ್ನೂ ಪಕ್ಕದ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ನೋಡುತ್ತಿದ್ದವಳು ಮುದುಕಿ ಸಕ್ರವ್ವ. ಅವಳು ಬೆರಳು ಮಾಡಿ ಕರೆದಳು.

"ಎಲ್ಲಾ ಸುಳ್ಳ ಹೇಳಾಕತ್ತಾರ ಅವರು. ಮನಿ ಅನ್ನದ ಮ್ಯಾಲೆ ಕೂಸಿನ ಮನಸ್ಸು ಮುರದೈತಿ. ಐದು ಮನಿ ಅನ್ನ ತಿನಿಸು, ಸರಿ ಆಗ್ತಾಳ."

"ಹೋಟೆಲ್ಲಿಂದ ತರ್ಲೇನು?"

"ಬೇಡಿ ತರಬೇಕಲೇ, ಬೇಡಿ! ಬೀರಪ್ಪ ದೇವರ ಹೆಸರಿಲೆ ಹಣೀಗೆ ಭಂಡಾರ ಹಚಗೊಂಡು, ಕಂಬಳಿ ಹೊತಗೊಂಡು, ಬರಿಗಾಲಿಲೆ ಹೋಗಬೇಕು. ಕೂಸು ಜೊತಿಗಿರಬೇಕು. ಐದು ಮನಿ ಮುಂದ ನಿಂತು 'ನೀಡ್ರಿ ಯವ್ವಾ' ಅನಬೇಕು. ಎಲ್ಲಾ ಒಂದ ಪಾತ್ರಿಯೊಳಗ ಕೂಡಬೇಕು. ಐದೂ ಮನಿ ಆಗೂತನಕ ಕೂಸಿನ ಬಾಯಿಗೆ ಹಾಕಬಾರದು."

"ಅದೇನು ದೊಡ್ಡ ಮಾತು? ಎಲ್ಲಾ ನಮ್ಮ ಮಂದೀನ. ಹಿಂಗಿಂಗ ಐತಿ ಅಂತ ಹೇಳಿದ್ರ…"

"ಹೇಳಬಾರದು!" ಸಕ್ರವ್ವನ ಮಡಿಲಿನಿಂದ ಶೇಂಗಾ ಚೆಲ್ಲಿತು. "ಯಾಕಂತ ಹೇಳಿದ ಕೂಡ್ಲೆ ಫಲ ಹೋತು. 'ನೀಡ್ರಿ ಯವ್ವಾ' ಬಿಟ್ರ ಬಾಯಾಗಿಂದ ಇನ್ನೊಂದು ಮಾತು ಬರಬಾರದು. ಹೇಳಿಕೊಟ್ಟ ನಾನೂ ಹೇಳಬಾರದು."

"ಯಾರರ ಕೇಳಿದ್ರ?"

"ಕೇಳ್ತಾರ. ಮಂದಿ ಮತ್ತೇನು ಮಾಡ್ತಾರ?"

ಬೇರೆ ದಿನವಾಗಿದ್ದರೆ ಬಂಡೆಪ್ಪ ನಕ್ಕು ಒಳಗೆ ಹೋಗುತ್ತಿದ್ದ. ಆದರೆ ಗಡಿಯಾರದ ಮುಳ್ಳು ಹನ್ನೆರಡು ದಾಟಿತ್ತು. ದೇವರ ಗೂಡಿನಿಂದ ಭಂಡಾರದ ಡಬ್ಬಿ ತೆಗೆದು ಹಣೆಗೆ ಅರಿಶಿನ ಬಳಿದುಕೊಂಡ. ಅಪ್ಪನ ಕಾಲದ ಕರಿ ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿದ. ದೊಡ್ಡ ಹಿತ್ತಾಳೆ ಪಾತ್ರೆ ಕೈಗೆ ತೆಗೆದುಕೊಂಡ. ಕನ್ನಡಿಯಲ್ಲಿ ನೋಡಿಕೊಂಡರೆ ಅವನಿಗೇ ಅವನ ಗುರುತು ಹತ್ತಲಿಲ್ಲ.

"ಅಪ್ಪಾ, ನಾವು ಎಲ್ಲಿ ಹೊಂಟೇವಿ?"

ಮಗಳಿಗಾದರೂ ಹೇಳಬಹುದೋ ಹೇಳಬಾರದೋ ತಿಳಿಯದೆ ಅವನು ಪಾತ್ರೆ ತೋರಿಸಿದ. ಭಾಗ್ಯಾ ಕಾಲಿನ ಚಪ್ಪಲಿ ತಾನೇ ಬಿಚ್ಚಿಟ್ಟು ಹೊರಟಳು.

ಮೊದಲನೆಯ ಮನೆ ಕಸ್ತೂರಿಯದು.

"ನೀಡ್ರಿ ಯವ್ವಾ."

ಬಾಗಿಲಿಗೆ ಬಂದ ಕಸ್ತೂರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಂಡೆಪ್ಪಣ್ಣ? ಇದೇನೋ ಯಪ್ಪಾ?"

ಬಂಡೆಪ್ಪ ಸುಮ್ಮನೆ ಪಾತ್ರೆ ಮುಂದೆ ಹಿಡಿದ.

"ಮುಂಜಾನಿ ಸುಧಾರಾಣಿ ಬೋಗುಣಿ ಕೊಟ್ಟು ಲಗುಬಗು ಹೋದಾಗನ ನನಗ ಸಂಶೇ ಬಂತು. ಕಣ್ಣ ಕೆಂಪಗಿದ್ದುವು." ನಸುಕಿನಲ್ಲಿ ಒಲೆ ಊದಿದ್ದರಿಂದ ಸುಧಾರಾಣಿಯ ಕಣ್ಣು ಕೆಂಪಾಗಿತ್ತು, ಅದನ್ನು ಹೇಳಲು ಬಂಡೆಪ್ಪನಿಗೆ ಬಾಯಿಲ್ಲ. "ಜಗಳ ಆಡಿ ತವರಿಗೆ ಹೋದ್ಲಲ್ಲ? ಮನ್ಯಾಗ ಕುದಿಸಿ ಹಾಕವ್ರಿಲ್ಲ, ಹೌದಲ್ಲ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಕುದಿಸಿ ಹಾಕುವವರು ಇಲ್ಲವೆಂದು ಕಸ್ತೂರಿ ತಿಳಿದಳು. ಅವಳ ಕಣ್ಣಲ್ಲಿ ನೀರು ಬಂತು. ಅವಳು ಆ ದಿನ ಇನ್ನೂ ಒಲೆ ಹೊತ್ತಿಸಿರಲಿಲ್ಲ. ಒಳಗೆ ಹೋಗಿ ಕೈಗೆ ಸಿಕ್ಕ ಬೋಗುಣಿಯನ್ನು ತಂದು ಅವನ ಪಾತ್ರೆಗೆ ಬೋರಲು ಮಾಡಿದಳು. ಬೋಗುಣಿಯ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ 'ಸುಧಾರಾಣಿ' ಎಂದು ಕೊರೆದದ್ದನ್ನು ಬಂಡೆಪ್ಪ ಓದಿದ. ಒಳಗಿದ್ದದ್ದು ಅದೇ ಮುಂಜಾನೆಯ ಎಣ್ಣೆಗಾಯಿ.

ಎರಡನೆಯ ಮನೆಯಲ್ಲಿ ಪಾಂಡಪ್ಪ ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದ. "ನೀಡ್ರಿ ಯವ್ವಾ," ಎಂಬ ಗಂಡು ದನಿ ಕೇಳಿ ಕನ್ನಡಕ ಏರಿಸಿದ.

"ಯಾರಲೇ ಅದು ನನಗ ಯವ್ವಾ ಅನ್ನಾಂವ? ಬಂಡ್ಯಾ?"

ಬಂಡೆಪ್ಪ ನೆಲ ನೋಡಿದ.

"ಕೆಲಸ ಹೋತೇನು?"

ನೆಲವೇ ಗತಿ.

"ನನಗ ಗೊತ್ತಿತ್ತು. ಹಗಲಹೊತ್ತಿನ್ಯಾಗ ಮನ್ಯಾಗ ಕುಂತು ರೊಟ್ಟಿ ಕತ್ತರಿಸಾಕತ್ತಿದ್ದೆಲ್ಲ, ಅವಾಗನ ನನಗ ಗೊತ್ತಾತು. ಕೆಲಸ ಇದ್ದಾಂವ ಕತ್ತರಿಲೆ ರೊಟ್ಟಿ ಕತ್ತರಸ್ತಾನೇನು?" ಪಾಂಡಪ್ಪ ಒಳಗೆ ತಿರುಗಿ ಬಸ್ ಸ್ಟ್ಯಾಂಡಿನ ಮೈಕಿನ ದನಿಯಲ್ಲಿ ಕೂಗಿದ. "ಏ, ನಾಲ್ಕು ರೊಟ್ಟಿ ತಗೊಂಬಾ! ಬಂಡ್ಯಾನ ಕೆಲಸ ಹೋಗೇತಿ!" ಆ ದನಿ ಒಂದು ಕಾಲಕ್ಕೆ ಹುನಗುಂದ, ಬದಾಮಿಯ ಬಸ್ಸುಗಳನ್ನು ನಿಲ್ಲಿಸಿದ ದನಿ. ಓಣಿಯ ಎರಡೂ ತುದಿಗೆ ಸುದ್ದಿ ತಲುಪಲು ಬೇರೆ ಏನೂ ಬೇಕಾಗಲಿಲ್ಲ.

ಭಾಗ್ಯಾ ಪಾತ್ರೆಯೊಳಗೆ ಇಣುಕಿದಳು. "ಅಪ್ಪಾ, ಇದೆಲ್ಲಾ ನಮಗಾ?"

ಅವನು ಹೌದೆಂದು ತಲೆ ಹಾಕಿದ. ಅವಳು ಪಾತ್ರೆಯ ಒಂದು ಕಿವಿ ತಾನೂ ಹಿಡಿದುಕೊಂಡಳು.

ಮೂರನೆಯ ಮನೆ ಬಾಗಿಲಲ್ಲಿ ಬಂಡೆಪ್ಪ ಬಾಯಿ ತೆರೆಯುವ ಮೊದಲೇ ಅವಳು ಎದೆ ಸೆಟೆಸಿ ಕೂಗಿದಳು: "ನೀಡ್ರಿ ಯವ್ವಾ!"

ಅದು ಚಾಂದಸಾಬನ ಮನೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಚಾಂದಸಾಬ ಹಣೆಯ ಭಂಡಾರ, ಹೆಗಲ ಕಂಬಳಿ, ಬರಿಗಾಲು, ಮುಚ್ಚಿದ ಬಾಯಿ ಎಲ್ಲವನ್ನೂ ತಕ್ಕಡಿಯಲ್ಲಿ ತೂಗುವವನ ಹಾಗೆ ನೋಡಿ ನಿಧಾನ ಎದ್ದು ನಿಂತ.

"ಸಂಸಾರ ಬಿಟ್ಟೇನು ಬಂಡೆಪ್ಪಣ್ಣಾ?"

ಬಂಡೆಪ್ಪ ತುಟಿ ಬಿಗಿಹಿಡಿದು ಪಾತ್ರೆ ಚಾಚಿದ.

"ಮೌನ ವ್ರತ ಬ್ಯಾರೆ! ಖರೆ ಐತಿ ಹಂಗಾರ. ಇರಲಿ, ಎಲ್ಲಾರಿಗೂ ಈ ಯೋಗ ಬರಂಗಿಲ್ಲ." ಅವನು ತಕ್ಕಡಿ ಪಕ್ಕಕ್ಕೆ ಸರಿಸಿದ. ಹೆಂಡತಿಯಿಂದ ಬಿಸಿ ಕಿಚಡಿ ತರಿಸಿ ಎರಡು ಸೌಟು ಹಾಕಿಸಿದ. "ಹೋಗೂ ಮುಂದ ನನ್ನ ಅಂಗಡ್ಯಾಗ ಒಂದು ಹೆಜ್ಜಿ ಇಟ್ಟು ಹೋಗು. ಯಾಪಾರ ಭಾಳ ಮಂದ ಐತಿ."

ಬಂಡೆಪ್ಪ ಒಂದು ಹೆಜ್ಜೆ ಇಟ್ಟ. ಆ ಗಳಿಗೆಯಲ್ಲೇ ಒಬ್ಬ ಹೆಂಗಸು ಬಂದು ಎಣ್ಣೆ ಡಬ್ಬಿ ಕೊಂಡಳು. ಚಾಂದಸಾಬ ಅವನಿಗೆ ಕೈಮುಗಿದ.

ನಾಲ್ಕನೆಯದು ಹಿಂದಿನ ಓಣಿಯ ಈರಪ್ಪನ ಮನೆ. ಈರಪ್ಪ ಅದೇ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆದು, ತನ್ನ ಜೊತೆಯವನನ್ನು ಆ ವೇಷದಲ್ಲಿ ಕಂಡು, ಇನ್ನೂ ಕನಸೇ ಇರಬೇಕೆಂದು ಬಾಗಿಲು ಹಾಕಿಕೊಂಡ. ಮತ್ತೆ ತೆರೆದ. ಭಾಗ್ಯಾ, "ನೀಡ್ರಿ ಯವ್ವಾ," ಎಂದಳು. ಅವನು ಹೆಸರುಕಾಳು ಪಲ್ಯ ತಂದು ಹಾಕಿದ. ಅವಳು ಪಾತ್ರೆ ಕೆಳಗಿಳಿಸದೆ ಕೇಳಿದಳು: "ಉಪ್ಪಿನಕಾಯಿ ಇಲ್ಲೇನ್ರಿ?"

ಬಂಡೆಪ್ಪನಿಗೆ ತನ್ನ ಕಿವಿಯ ಮೇಲೆಯೇ ನಂಬಿಕೆ ಬರಲಿಲ್ಲ. ಹುಟ್ಟಿದಾಗಿನಿಂದ ಯಾವ ತಿನಿಸನ್ನೂ ಕೇಳಿ ಪಡೆಯದ ಕೂಸು ಉಪ್ಪಿನಕಾಯಿ ಕೇಳಿತ್ತು! ಇನ್ನೊಂದೇ ಮನೆ. ಒಂದೇ ಒಂದು.

ಆದರೆ ತನ್ನ ಓಣಿಗೆ ತಿರುಗಿ ಬರುವಷ್ಟರಲ್ಲಿ ಅಲ್ಲಿ ಸಭೆ ಸೇರಿತ್ತು. ಬಂಡೆಪ್ಪನ ಮನೆಯ ಮುಂದೆಯೇ ಕಸ್ತೂರಿ, ಪಾಂಡಪ್ಪ, ಚಾಂದಸಾಬ ಮೂವರೂ ಮೂರು ಸತ್ಯ ಹಿಡಿದು ನಿಂತಿದ್ದರು.

"ಹೆಂಡ್ತಿ ಬಿಟ್ಟು ಹೋಗ್ಯಾಳ," ಎಂದಳು ಕಸ್ತೂರಿ.

"ಕೆಲಸ ಹೋಗಿದ್ದಕ್ಕ ಬಿಟ್ಟು ಹೋಗ್ಯಾಳ," ಎಂದ ಪಾಂಡಪ್ಪ.

"ಇಬ್ರೂ ತಪ್ಪು ತಿಳಕೊಂಡೀರಿ. ತಾನ ಎಲ್ಲಾ ಬಿಟ್ಟಾನ," ಎಂದ ಚಾಂದಸಾಬ. "ಕಾಲ್ಗುಣ ನೋಡ್ರಿ, ಬಂದ ಹೋದ, ಎಣ್ಣಿ ಡಬ್ಬಿ ಹೋತು."

"ಸಕ್ರವ್ವಾ, ನಿನಗೇನರ ಗೊತ್ತೈತೇನು?" ಎಂದು ಪಾಂಡಪ್ಪ ಕಟ್ಟೆಯ ಕಡೆ ತಿರುಗಿದ.

"ನನಗೇನು ಗೊತ್ತು, ವಯಸ್ಸಾದಾಕಿ," ಎಂದು ಸಕ್ರವ್ವ ಶೇಂಗಾ ಬಾಯಿಗೆ ಹಾಕಿಕೊಂಡಳು. ಎಷ್ಟೋ ವರ್ಷಗಳಿಂದ ಅವಳಿಗೆ ಇಷ್ಟು ಚೆನ್ನಾಗಿ ಹೊತ್ತು ಹೋಗಿರಲಿಲ್ಲ.

ಬಂಡೆಪ್ಪನ ಫೋನು ಬಡಿದುಕೊಂಡಿತು. ಕಾರ್ಖಾನೆಯ ಮ್ಯಾನೇಜರ್ ನಾಸೀರ.

"ಬಂಡೆಪ್ಪ, ಈರಪ್ಪ ಹೇಳಿದ, ನೀ ಸ್ವಾಮಿ ಆದಿ ಅಂತ. ಚಲೋ ಆತು. ಆದ್ರ ಮಷೀನ್ ರೂಮಿನ ಚಾವಿ ಎಲ್ಲಿಟ್ಟಿ?"

ಹೇಳಬೇಕೆಂದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ನಾಲ್ಕು ಮನೆಯ ಬೇಡಿಕೆ ನೀರಿಗೆ ಹೋಗುತ್ತದೆ. ಬಂಡೆಪ್ಪ ಬೆವರುತ್ತ, ಅನುಮತಿಯಿದ್ದ ಎರಡೇ ಮಾತು ಆಡಿದ.

"ನೀಡ್ರಿ ಯವ್ವಾ."

ಆ ಕಡೆಯಿಂದ, "ಭಾಳ ಮುಂದ ಹೋಗ್ಯಾನ," ಎಂದು ನಾಸೀರ ಯಾರಿಗೋ ಹೇಳಿದ್ದು ಕೇಳಿಸಿತು.

ಅದರ ಬೆನ್ನಿಗೇ ಸುಧಾರಾಣಿಯ ಫೋನು. ಹಿಂದೆ ಕುಬಸದ ಹೆಂಗಸರು ಆರತಿ ಹಾಡು ಹೇಳುತ್ತಿದ್ದರು. "ಏನ್ರಿ, ಕಸ್ತೂರಿ ಫೋನ್ ಮಾಡಿದ್ಲು. ಸಿಟ್ಟು ಬಿಟ್ಟು ಮನಿಗೆ ಬಾ ಅಂತಾಳ. ಗಂಡ ದೇವರಂಥಾಂವ ಅಂತಾಳ. ನನಗ್ಯಾವ ಸಿಟ್ಟು? ನೀವೇನು ಮಾಡಿರಿ?" ಬಂಡೆಪ್ಪ ಫೋನನ್ನು ಕಂಬಳಿಯೊಳಗೆ ಹುದುಗಿಸಿದ. ಅವಳು ಕಂಬಳಿಯೊಳಗಿಂದಲೇ ಮಾತಾಡುತ್ತ ಉಳಿದಳು.

ಇನ್ನು ಐದನೆಯ ಮನೆ ಯಾವುದು? ಸುತ್ತಲಿನ ಮನೆಯವರೆಲ್ಲ ಸಭೆಗೆ ಬಂದು ನಿಂತಿದ್ದರು. ಪಾತ್ರೆ ಹಿಡಿದು ಯಾರ ಮುಂದೆ ಹೋದರೂ ಅವರು ಅನ್ನದ ಬದಲು ಸಮಾಧಾನ ಹೇಳುತ್ತಿದ್ದರು. ಒಬ್ಬಳು ಹೊಸ ಕೆಲಸ ಕೊಡಿಸುತ್ತೇನೆಂದಳು. ಇನ್ನೊಬ್ಬಳು ತನ್ನ ಗಂಡನೂ ಹೀಗೇ ಒಮ್ಮೆ ಹೋಗಿ, ಹಸಿವಾದ ಮೇಲೆ ತಿರುಗಿ ಬಂದನೆಂದು ಧೈರ್ಯ ಹೇಳಿದಳು. ಒಂದು ಹಿಡಿ ಅನ್ನ ಮಾತ್ರ ಯಾರೂ ಹಾಕಲಿಲ್ಲ.

ಆಗ ಗುಂಪು ಎರಡಾಗಿ ಸರಿಯಿತು. ನಡುವೆ ಕೈಚೀಲ ಹಿಡಿದು ನಿಂತಿದ್ದವಳು ಹುಚ್ಚವ್ವ. ಬಸ್ಸು ಇಳಿದು ಇಲ್ಲಿಗೆ ಬರುವಷ್ಟರಲ್ಲಿ ಮೂರು ಸುದ್ದಿಯೂ ಅವಳ ಕಿವಿಗೆ ಬಿದ್ದಿದ್ದವು. ಮುಖ ಮಳೆ ಮೋಡದ ಹಾಗಿತ್ತು.

"ಏನಲೇ ಇದು?"

ಬಂಡೆಪ್ಪ ತಾಯಿಯ ಮುಖ ನೋಡಿದ. ಆಮೇಲೆ ಅವಳ ಕೈಚೀಲ ನೋಡಿದ. ಬಟ್ಟೆಯಲ್ಲಿ ಕಟ್ಟಿದ ಸಜ್ಜೆ ರೊಟ್ಟಿಯ ಅಂಚು ಅದರಿಂದ ಹೊರಗೆ ಕಾಣುತ್ತಿತ್ತು. ಮರೋಳದ ಒಲೆ ಬೇರೆ, ಮರೋಳದ ಮನೆ ಬೇರೆ. ಅವನು ಹೆತ್ತ ತಾಯಿಯ ಮುಂದೆ, ಇಡೀ ಓಣಿ ನೋಡುತ್ತಿದ್ದ ಹಾಗೆ, ಪಾತ್ರೆ ಚಾಚಿದ.

"ನೀಡ್ರಿ ಯವ್ವಾ."

ಭಾಗ್ಯಾಳೂ ಕೈ ಚಾಚಿದಳು. "ನೀಡ್ರಿ ಯವ್ವಾ! ಉಪ್ಪಿನಕಾಯಿ ಇದ್ರೂ ನೀಡ್ರಿ!"

ಹುಚ್ಚವ್ವ ಕೈಚೀಲ ಕೆಳಗಿಟ್ಟಳು. ಮಗನ ಹಣೆಯ ಭಂಡಾರ ನೋಡಿದಳು, ಗಂಡನ ಕಾಲದ ಕಂಬಳಿ ನೋಡಿದಳು, ಪಾತ್ರೆಯೊಳಗಿನ ಕಲಬೆರಕೆ ನೋಡಿದಳು. ಮೋಡ ಸರಿದ ಹಾಗೆ ಅವಳ ಮುಖ ಬದಲಾಯಿತು. ನೆಲದ ಮೇಲೆ ಕೂತು ಗಂಟು ಬಿಚ್ಚಿ, ಎರಡು ಸಜ್ಜೆ ರೊಟ್ಟಿ ಮುರಿದು ಹಾಕಿ, ಮೇಲೆ ಶೇಂಗಾ ಚಟ್ನಿ, ಬೆಣ್ಣೆ ಇಟ್ಟಳು.

ಐದು ಮನೆ ಆಯಿತು.

ಭಾಗ್ಯಾ ಅಲ್ಲೇ ಅಂಗಳದಲ್ಲಿ ಪಾತ್ರೆಯನ್ನು ತೊಡೆಗಳ ನಡುವೆ ಹಿಡಿದು ಕೂತಳು. ಓಣಿಯೆಲ್ಲ ಬಾಗಿ ನೋಡಿತು. ಕಿಚಡಿಗೆ ಪಲ್ಯ ತಾಕಿತ್ತು, ಪಲ್ಯಕ್ಕೆ ಎಣ್ಣೆಗಾಯಿ ತಾಕಿತ್ತು, ಸಾಸಿವೆ ಕಾಳು ಎಲ್ಲ ಕಡೆ ಓಡಾಡಿದ್ದವು. ಅವಳು ಐದೂ ಬೆರಳು ಊರಿ ಮೊದಲ ತುತ್ತು ಎತ್ತಿದಳು. ಅಗಿದಳು. ನುಂಗಿದಳು. ಬಂಡೆಪ್ಪ ಅವಳ ಕೆನ್ನೆಯನ್ನು ಒತ್ತಿ ನೋಡಿದ. ಒಳಗೆ ಏನೂ ಇರಲಿಲ್ಲ. ಎರಡನೆಯ ತುತ್ತು, ಮೂರನೆಯದು. ಬದನೆಕಾಯಿಯನ್ನಂತೂ ತೊಟ್ಟು ಹಿಡಿದು ಚೀಪಿದಳು.

"ಇದು ಯಾರ ಮನೀದು ಅಪ್ಪಾ? ಭಾಳ ಚಲೋ ಐತಿ. ಅವ್ವಗ ಅವರ ಹತ್ರ ಹೋಗಿ ಕಲಿ ಅಂತ ಹೇಳು."

ಕಸ್ತೂರಿ ಕೈಯಲ್ಲೇ ಉಳಿದಿದ್ದ ಖಾಲಿ ಬೋಗುಣಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಆಕಾಶ ನೋಡಿದಳು.

ಪಾತ್ರೆ ತಳ ಕಂಡಿತು. ಭಾಗ್ಯಾ ತೇಗಿದಳು. ಆ ಒಂದು ತೇಗಿಗೆ ಬಂಡೆಪ್ಪ ಅಷ್ಟು ಹೊತ್ತು ಹಿಡಿದಿದ್ದ ಬಾಯಿ ಒಮ್ಮೆಗೇ ಬಿಚ್ಚಿ, ಹೆಂಡತಿ ಹೋಗಿಲ್ಲವೆಂದೂ, ಕೆಲಸ ಇದೆಯೆಂದೂ, ತಾನು ಸ್ವಾಮಿಯಲ್ಲವೆಂದೂ, ಸಕ್ರವ್ವ ಹೇಳಿದ ಹಾಗೆ ಕೂಸಿಗಾಗಿ ಐದು ಮನೆ ಬೇಡಿದ್ದೆಂದೂ, ಮಷೀನ್ ರೂಮಿನ ಚಾವಿ ನೀರಿನ ಡ್ರಮ್ಮಿನ ಹಿಂದೆ ಇದೆಯೆಂದೂ ಉಸಿರು ತೆಗೆದುಕೊಳ್ಳದೆ ಎಲ್ಲರಿಗೂ ಹೇಳಿದ. ಹೇಳಿಯಾದ ಮೇಲೆ ಓಣಿಗೆ ತುಸು ನಿರಾಸೆಯೇ ಆಯಿತು. ಪಾಂಡಪ್ಪ ತನ್ನ ನಾಲ್ಕು ರೊಟ್ಟಿಯ ಬಗ್ಗೆ ಗೊಣಗುತ್ತ ಹೋದ. ಚಾಂದಸಾಬ ಮಾತ್ರ ನಂಬಲಿಲ್ಲ. "ದೊಡ್ಡೋರು ಹಂಗ ಹೇಳ್ತಾರ," ಎಂದು ಇನ್ನೊಮ್ಮೆ ಕೈಮುಗಿದು ಹೋದ.

ಒಳಗೆ ಕೂತ ಮೇಲೆ ಹುಚ್ಚವ್ವ ಮನಸಾರೆ ನಕ್ಕಳು. "ಕೂಸು ಉಂಡ್ತು. ಆಡಿದ ಮಾತಿಗೆ ನಾ ತಪ್ಪಂಗಿಲ್ಲ. ನಿನ್ನ ಕಡೇನ ಇರಲಿ ಬಿಡಪ್ಪ."

ಬಂಡೆಪ್ಪನಿಗೆ ಆ 'ಬಿಡಪ್ಪ' ಎಂಬ ಮಾತು ಕರದಂಟಿಗಿಂತ ಸಿಹಿಯಾಗಿ ಕೇಳಿಸಿತು.

"ಆದ್ರ ಸಕ್ರವ್ವ ನಿನಗ ಮುಂದಿನ ಮಾತು ಹೇಳಿಲ್ಲ ಅನಸ್ತೈತಿ."

"ಮುಂದಿಂದೇನು?"

"ನೀನೂ ಸಣ್ಣಾಂವಿದ್ದಾಗ ಉಣ್ಣತಿದ್ದಿಲ್ಲ. ನಾನೂ ಐದು ಮನಿ ಬೇಡಿ ತಿನಿಸಿದೆ. ಆಮ್ಯಾಲೆ ಎರಡು ವರ್ಷ ನೀ ಮನಿ ಅನ್ನ ಮುಟ್ಟಲಿಲ್ಲಲೇ! ಬೇಡಿದ್ದ ಬೇಕು ಅಂತ ರಂಪಾಟ. ಕಡೀಕ ನಾ ಮಾಡಿದ ರೊಟ್ಟೀನ ಮಗ್ಗಲ ಮನಿಗೆ ಕೊಟ್ಟು, ಅಲ್ಲಿಂದ ಬೇಡಿ ತಂದು ತಿನಸ್ತಿದ್ದೆ."

ಬಂಡೆಪ್ಪ ಹೆಗಲ ಮೇಲಿನ ಕಂಬಳಿ ನೋಡಿಕೊಂಡ. ಆದರೂ ಧೈರ್ಯ ತಂದುಕೊಂಡ. ಮಗಳು ಕಣ್ಣ ಮುಂದೆ ಇದ್ದರೆ ಸಾಕು, ದಿನಾ ಕಂಬಳಿ ಹೊದ್ದರಾಯಿತು.

ಭಾಗ್ಯಾ ಅಜ್ಜಿಯ ತೊಡೆ ಏರಿದಳು. "ಆಯಿ, ಬೆಣ್ಣಿ ರೊಟ್ಟಿ ಯಾವ ಮನೀದು?"

"ನಮ್ಮ ಮನೀದು ನನ್ನವ್ವ. ಮರೋಳದ್ದು."

"ಮರೋಳದಾಗ ಎಷ್ಟು ಮನಿ ಅದಾವ?"

"ಏ, ಭಾಳ ಅದಾವ!" ಹುಚ್ಚವ್ವ ಊರಿನ ಅಭಿಮಾನದಿಂದ ಕೈ ಅಗಲ ಮಾಡಿದಳು. "ಓಣಿ ಓಣಿ ತುಂಬ ಮನಿ. ದಿನಾ ಐದು ಐದು ಮನಿ ತಿರಗಿದ್ರ ತಿಂಗಳಾದ್ರೂ ಮುಗಿಯಂಗಿಲ್ಲ."

ಬಂಡೆಪ್ಪ ತಾಯಿಗೆ ಕಣ್ಣು ಸನ್ನೆ ಮಾಡಿದ. ಹೊತ್ತು ಮೀರಿತ್ತು. ಭಾಗ್ಯಾ ತೊಡೆಯಿಂದ ಇಳಿದು ಒಳಗೆ ಹೋಗಿ, ಅಂಗನವಾಡಿಯ ಚೀಲದಲ್ಲಿ ಫ್ರಾಕು ತುರುಕಿಕೊಂಡು ಬಂದಳು.

"ಆಯಿ, ನಡಿ."

"ಏ ತಂಗೀ, ಇಲ್ಲೇ ಇರೂಣು," ಎಂದು ಬಂಡೆಪ್ಪ ಮಂಡಿಯೂರಿ ಕೂತ. "ಇಳಕಲ್ಲಿನಾಗ ಮರೋಳಕಿಂತ ಹತ್ತು ಪಟ್ಟು ಮನಿ ಅದಾವ. ನಾಳಿ ಬಜಾರದ ಕಡೆ ಹೋಗೂಣು. ನಾಡದು ನೇಕಾರ ಓಣಿ. ನಾ ಕಂಬಳಿ ತಗದ ಇಡಂಗಿಲ್ಲ."

ಭಾಗ್ಯಾ ಚೀಲ ಹೆಗಲಿಗೇರಿಸಿದಳು. "ಒಲ್ಲೆ. ಇಲ್ಲಿ ಎಲ್ಲಾರೂ ಯಾಕ ಯಾಕ ಅಂತ ಕೇಳ್ತಾರ."

"ನಮ್ಮೂರಾಗ ಯಾರೂ ಕೇಳಂಗಿಲ್ಲ," ಎಂದಳು ಹುಚ್ಚವ್ವ, ನಿಜ ಹೇಳಿಬಿಡುವ ಸ್ವಭಾವದಿಂದ. "ಕೂಸು ಬಂತು ಅಂತ ಕರದು ನೀಡ್ತಾರ."

ಅತ್ತರೆ ಸಮಾಧಾನ ಮಾಡಬಹುದಿತ್ತು, ಭಾಗ್ಯಾ ಅಳಲಿಲ್ಲ. ಹಿತ್ತಾಳೆ ಪಾತ್ರೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಅಜ್ಜಿಯ ಬೆರಳು ಹಿಡಿದು ಓಣಿಯುದ್ದಕ್ಕೂ ನಡೆದಳು. ಬಂಡೆಪ್ಪ ಬಸ್ ಸ್ಟ್ಯಾಂಡಿನವರೆಗೆ ಬರಿಗಾಲಲ್ಲೇ ಹಿಂದೆ ಹೋದ. ಬಸ್ಸು ಹೊರಟಾಗ ಕಿಟಕಿಯಿಂದ ಅವಳು ಕೈ ಬೀಸಿದಳು. ಅವನಿಗಲ್ಲ, ಕಡಲೆ ಮಾರುವವನಿಗೆ. ಕಡಲೆಯವನು ನಾಲ್ಕು ಕಾಳು ಕೊಟ್ಟ. ಅವಳು ತಿಂದಳು.

ಕತ್ತಲಾಗುವ ಮುನ್ನ ಸುಧಾರಾಣಿ ಕುಬಸದ ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು ಓಡುತ್ತ ಬಂದಳು. ಬಂಡೆಪ್ಪ ಹೊಸ್ತಿಲಲ್ಲಿ ಕೂತಿದ್ದ.

"ಕೂಸು ಉಂಡ್ತೇನ್ರಿ?"

"ಉಂಡ್ತು. ಒಂದು ಕಾಳು ಬಿಡಲಿಲ್ಲ."

"ಬದನಿಕಾಯಿ?"

"ತೊಟ್ಟ ಸೈತ ಚೀಪಿದ್ಲು."

"ಅಯ್ಯ ನಮ್ಮಪ್ಪ! ಗೆದ್ದಿರಿ ಬಿಡ್ರಿ!" ಅವಳು ಒಳಗೆ ಇಣುಕಿದಳು. "ಎಲ್ಲಿ ನನ್ನ ಮಗಳು?"

ಬಂಡೆಪ್ಪ ಮರೋಳದ ದಿಕ್ಕಿಗೆ ಕೈ ತೋರಿಸಿದ. ಮಗಳು ಹೊಟ್ಟೆ ತುಂಬ ಉಂಡಿದ್ದಳು, ಅಷ್ಟು ಗಳಿಕೆ. ಶಾಲೆ ಶುರುವಾಗುವ ತನಕ ಮನೆಯಲ್ಲಿ ಮಗಳಿರಲಿಲ್ಲ, ಅಷ್ಟು ನಷ್ಟ.